ಎತ್ತಿದ ಕೈ ಮತ್ತು ಅದರ ದಣಿವಿನ ಅಳತೆ

ತರಗತಿಯಲ್ಲಿ ಅಧ್ಯಾಪಕರು ಪ್ರಶ್ನೆಯೊಂದನ್ನು ಕೇಳಿದೊಡನೆ ಹತ್ತಾರು ಕೈಗಳು ಮೇಲೇಳುತ್ತವೆ. ಮುಂದಿನ ಸಾಲಿನವರಿಗೆ ಬೇಗನೆ ಸರದಿ ಬಂದು ಅವರ ಕೈಗಳು ಕೆಳಗಿಳಿಯುವುವು. ಹಿಂದಿನ ಬೆಂಚಿನ ಹುಡುಗನೊಬ್ಬನು ಮಾತ್ರ, ಉತ್ತರವನ್ನು ಬಲ್ಲವನಾದರೂ, ಅಧ್ಯಾಪಕರ ಕಣ್ಣಿಗೆ ಬೀಳದೆ ಕೈಯೆತ್ತಿಕೊಂಡೇ ಕುಳಿತಿರುತ್ತಾನೆ. ಸ್ವಲ್ಪ ಹೊತ್ತಿನಲ್ಲಿ ಅವನ ಬಲಗೈ ಓಲಾಡತೊಡಗುತ್ತದೆ; ಆಗ ಅವನು ಎಡಗೈಯನ್ನು ಅಡ್ಡ ತಂದು ಬಲಮೊಣಕೈಗೆ ಆಸರೆ ಕೊಡುತ್ತಾನೆ. ಈ ದೃಶ್ಯವನ್ನು ಕಾಣದ ಅಧ್ಯಾಪಕರಿಲ್ಲ. ಅದು ಆ ಹುಡುಗನಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಅವನ ಭುಜವೇ ಕಲಿಸಿದ ಪಾಠ. ಈ ಪಾಠವನ್ನೇ ಅಂಕೆಸಂಖ್ಯೆಗಳಲ್ಲಿ ಬರೆದು ತೋರಿಸಲು ಗಣಕಯಂತ್ರದ ಪಂಡಿತರಿಗೆ ಅರ್ಧ ಶತಮಾನ ಹಿಡಿಯಿತೆಂಬುದನ್ನು ಈ ಲೇಖನದಲ್ಲಿ ಹೇಳಬೇಕೆಂದಿದ್ದೇವೆ.

ಮೊದಮೊದಲು ಗಣಕಯಂತ್ರಕ್ಕೆ ಅಪ್ಪಣೆ ಕೊಡಬೇಕಾದರೆ ರಂಧ್ರ ಕೊರೆದ ಕಾಗದಗಳೂ ಕೀಲಿಮಣೆಗಳೂ ಬೇಕಾಗುತ್ತಿದ್ದುವು. ೧೯೬೩ರಲ್ಲಿ ಅಮೆರಿಕೆಯ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಐವನ್ ಸದರ್‌ಲೆಂಡ್ ಎಂಬ ತರುಣ ಸಂಶೋಧಕರು, ಬೆಳಕಿನ ಲೇಖನಿಯೊಂದನ್ನು ಹಿಡಿದು ಯಂತ್ರದ ಪರದೆಯ ಮೇಲೆಯೇ ನೇರವಾಗಿ ಚಿತ್ರ ಬರೆಯುವ ‘ಸ್ಕೆಚ್‌ಪ್ಯಾಡ್’ ಎಂಬ ಏರ್ಪಾಟನ್ನು ರಚಿಸಿದರು. ಅದು ಅದ್ಭುತವೇ ಸರಿ. ಆದರೆ ಎದುರಿಗೆ ನೆಟ್ಟಗೆ ನಿಂತ ಪರದೆಯ ಮೇಲೆ ಲೇಖನಿಯನ್ನು ಆಡಿಸಬೇಕಾದರೆ ತೋಳನ್ನು ಗಾಳಿಯಲ್ಲಿ ಎತ್ತಿ ಹಿಡಿದೇ ಇರಬೇಕಷ್ಟೆ. ೧೯೬೮ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬವರು ‘ಮೌಸ್’ ಎಂಬ ಚಿಕ್ಕ ಸಲಕರಣೆಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಅದನ್ನು ಬಳಸುವವನ ಕೈ ಮೇಜಿನ ಮೇಲೆ ಒರಗಿರುತ್ತದೆ. ಮುಂದೆ ಮನೆಮನೆಗೆ ಬಂದುದು ಮೌಸೇ ಹೊರತು ಬೆಳಕಿನ ಲೇಖನಿಯಲ್ಲ. ಇದಕ್ಕೆ ಕಾರಣಗಳು ಹಲವಿದ್ದುವು; ಭುಜದ ನೋವೂ ಅವುಗಳಲ್ಲೊಂದು. ನೆಟ್ಟಗಿನ ಪರದೆಯೆದುರು ಬಹಳ ಹೊತ್ತು ಕೈಯಾಡಿಸಿದವರಿಗೆ ತೋಳು ಭಾರವಾಗಿ, ಊದಿಕೊಂಡಂತಾಗಿ, ತನ್ನದಲ್ಲವೇನೋ ಎನ್ನಿಸುವುದುಂಟು. ಯಂತ್ರಶಿಲ್ಪಿಗಳು ಇದನ್ನು ಹಾಸ್ಯವಾಗಿ ‘ಗೊರಿಲ್ಲಾ ತೋಳು’ ಎಂದು ಕರೆದರು. ಹೆಸರಿಟ್ಟು ನಕ್ಕುಬಿಟ್ಟರೇ ಹೊರತು ಅದನ್ನು ಅಳೆಯುವ ಗೋಜಿಗೆ ಬಹುಕಾಲ ಹೋಗಲಿಲ್ಲ.

ಕೈಬೀಸಿ ಆಳುವ ಯಂತ್ರದ ಆಸೆ ಮಾತ್ರ ಸಾಯಲಿಲ್ಲ. ೨೦೦೨ರಲ್ಲಿ ತೆರೆಕಂಡ ‘ಮೈನಾರಿಟಿ ರಿಪೋರ್ಟ್’ ಎಂಬ ಇಂಗ್ಲಿಷ್ ಚಲನಚಿತ್ರದಲ್ಲಿ ನಾಯಕನು ಗಾಜಿನ ತೆರೆಯ ಮುಂದೆ ನಿಂತು, ಸಂಗೀತಮೇಳವನ್ನು ನಡೆಸುವವನಂತೆ ಎರಡೂ ಕೈಗಳನ್ನು ಬೀಸುತ್ತ ಚಿತ್ರಗಳನ್ನು ಅತ್ತಿತ್ತ ಸರಿಸುವುದನ್ನು ಕಂಡು ಜಗತ್ತು ಮರುಳಾಯಿತು. ೨೦೧೦ರ ನವೆಂಬರಿನಲ್ಲಿ ‘ಕಿನೆಕ್ಟ್’ ಎಂಬ ಕ್ಯಾಮರಾ ಮಾರಾಟಕ್ಕೆ ಬಂದಿತು. ಮನುಷ್ಯನು ಅದರ ಮುಂದೆ ನಿಂತರೆ ಸಾಕು, ಅವನ ದೇಹದ ೨೦ ಸಂಧಿಸ್ಥಾನಗಳನ್ನು ಗುರುತಿಸಿ ಅವು ಎಲ್ಲಿವೆಯೆಂಬುದನ್ನು ಸೆಕೆಂಡಿಗೆ ಸುಮಾರು ೩೦ ಸಲ ಲೆಕ್ಕ ಹಾಕುತ್ತಿತ್ತು. ಏನನ್ನೂ ಮುಟ್ಟದೆ, ಬರಿಯ ಅಂಗವಿನ್ಯಾಸದಿಂದ ಯಂತ್ರವನ್ನು ನಡೆಸುವ ಕಾಲ ಬಂದೇಬಿಟ್ಟಿತೆಂದು ಅನೇಕರು ತಿಳಿದರು. ಆಟವಾಡುವ ಮಕ್ಕಳಿಗೆ ಹತ್ತು ನಿಮಿಷದ ಕೈಬೀಸು ವ್ಯಾಯಾಮವೆಂದೇ ತೋರೀತು. ದಿನವೆಲ್ಲ ಅದರಿಂದಲೇ ಕೆಲಸ ಮಾಡಬೇಕಾದವರ ಗತಿಯೇನು? ಇಲ್ಲಿ ದಣಿವಿನ ಪ್ರಶ್ನೆ ಏಳುತ್ತದೆ.

ಈ ಬಗೆಯ ಯಂತ್ರವೇ ಬೇಡವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಶಸ್ತ್ರಚಿಕಿತ್ಸೆಯ ನಡುವೆ ವೈದ್ಯರು ರೋಗಿಯ ಒಳಚಿತ್ರಗಳನ್ನು ನೋಡಬೇಕಾದಾಗ ಕೀಲಿಮಣೆಯನ್ನು ಮುಟ್ಟಿದರೆ ಕೈಯ ಶುಚಿತ್ವ ಕೆಡುತ್ತದೆ. ಅಲ್ಲಿ ದೂರದಿಂದಲೇ ಕೈಯಾಡಿಸಿ ಚಿತ್ರವನ್ನು ತಿರುಗಿಸುವ ಅನುಕೂಲವು ದೊಡ್ಡದೇ. ಆದುದರಿಂದ ಕೇಳಬೇಕಾದ ಪ್ರಶ್ನೆ ‘ದಣಿವಾಗುವುದೇ?’ ಎಂಬುದಲ್ಲ, ‘ಎಷ್ಟು ದಣಿವು, ಎಷ್ಟು ಹೊತ್ತಿನಲ್ಲಿ, ಯಾರಿಗೆ?’ ಎಂಬುದು.

ಮೊದಲ ತೊಡಕು ಭೌತಶಾಸ್ತ್ರದಿಂದಲೇ ಬರುತ್ತದೆ. ಬಲವನ್ನು ಅದು ಸರಿಸಿದ ದೂರದಿಂದ ಗುಣಿಸಿದರೆ ಕೆಲಸ ಸಿಕ್ಕುತ್ತದೆಂದು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಚಾಚಿದ ಕೈಯನ್ನು ಅಲುಗಿಸದೆ ಹಿಡಿದವನು ಎಷ್ಟು ದೂರ ಸರಿಸಿದನು? ಸೊನ್ನೆ. ಹಾಗಾದರೆ ಅವನು ಮಾಡಿದ ಕೆಲಸವೂ ಸೊನ್ನೆ. ಆದರೂ ಅವನ ಹಣೆಯಲ್ಲಿ ಬೆವರೊಡೆಯುತ್ತದೆ, ತೋಳು ನಡುಗುತ್ತದೆ. ಗೋಡೆಗೆ ಹೊಡೆದ ಗೂಟವು ಚೀಲವನ್ನು ವರ್ಷಗಟ್ಟಲೆ ಹೊತ್ತಿದ್ದರೂ ದಣಿಯದು. ಮನುಷ್ಯನ ತೋಳು ತನ್ನ ಭಾರವನ್ನೇ ಬಹಳ ಹೊತ್ತು ಹೊರಲಾರದು. ಏಕೆಂದರೆ ಸ್ನಾಯು ಗೂಟದಂತೆ ಜಡವಾಗಿ ನಿಲ್ಲುವುದಿಲ್ಲ. ಅದರೊಳಗಿನ ಸಾವಿರಾರು ಎಳೆಗಳು ಮತ್ತೆ ಮತ್ತೆ ಸೆಟೆದು ಸಡಿಲಾಗಿ, ಒಂದು ಗುಂಪು ಸಡಿಲಾಗುವಾಗ ಇನ್ನೊಂದು ಸೆಟೆದು, ಹೊರಗೆ ನಿಶ್ಚಲವೆಂದು ಕಾಣುವ ಬಿಗಿತವನ್ನು ಕಾಪಾಡುತ್ತವೆ. ಪ್ರತಿಯೊಂದು ಸೆಟೆತಕ್ಕೂ ರಾಸಾಯನಿಕ ಶಕ್ತಿ ವೆಚ್ಚವಾಗುತ್ತದೆ. ಇದರ ಮೇಲೆ ಇನ್ನೊಂದು ಕಷ್ಟವಿದೆ: ಬಿಗಿದ ಸ್ನಾಯು ತನ್ನೊಳಗಿನ ಸಣ್ಣ ರಕ್ತನಾಳಗಳನ್ನು ತಾನೇ ಅಮುಕುತ್ತದೆ. ನಡೆಯುವಾಗ ಸ್ನಾಯು ಬಿಗಿದು ಸಡಿಲಾಗುವುದರಿಂದ ರಕ್ತಕ್ಕೆ ದಾರಿ ಸಿಕ್ಕುತ್ತದೆ. ಕೈಯನ್ನು ಎತ್ತಿ ಹಿಡಿದಾಗ ಸಡಿಲಾಗುವ ಅವಕಾಶವೇ ಇಲ್ಲದೆ, ಹೊಸ ಪ್ರಾಣವಾಯು ಬರುವುದೂ ಹಳೆಯ ಕಲ್ಮಷ ಹೋಗುವುದೂ ಕುಗ್ಗುತ್ತವೆ. ಅಂತೂ ಮಾಡಿದ ಕೆಲಸವನ್ನು ಅಳೆದು ದಣಿವನ್ನು ತಿಳಿಯುವ ಹಾದಿ ಮುಚ್ಚಿಹೋಯಿತು. ಬೇರೆ ಅಳತೆಗೋಲು ಬೇಕು.

ಅಂತಹ ಅಳತೆಗೋಲನ್ನು ಹುಡುಕಿದವರಲ್ಲಿ ಇಟಲಿಯ ಟ್ಯೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೋ ಮೊಸ್ಸೊ ಅವರು ಅಗ್ರಗಣ್ಯರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅವರು ‘ಎರ್ಗೊಗ್ರಾಫ್’ ಎಂಬ ಉಪಕರಣವನ್ನು ರಚಿಸಿದರು. ಅದರಲ್ಲಿ ಮುಂಗೈಯನ್ನು ಒಂದು ತೊಟ್ಟಿಲಿನಂತಹ ಆಸರೆಯಲ್ಲಿಟ್ಟು ಅಲುಗದಂತೆ ಬಿಗಿಯುವರು. ತೋರುಬೆರಳನ್ನೂ ಉಂಗುರಬೆರಳನ್ನೂ ಕೊಳವೆಗಳಲ್ಲಿ ಸೇರಿಸಿ ಸುಮ್ಮನಿರಿಸುವರು. ನಡುಬೆರಳಿಗೆ ದಾರ ಕಟ್ಟಿ, ದಾರವನ್ನು ರಾಟೆಯ ಮೇಲೆ ಹಾಯಿಸಿ, ಅದರ ಕೊನೆಗೆ ತೂಕದ ಕಲ್ಲನ್ನು ತೂಗಬಿಡುವರು. ತಾಳಕ್ಕೆ ಸರಿಯಾಗಿ ಬೆರಳನ್ನು ಮಡಿಸಿದಾಗಲೆಲ್ಲ ಕಲ್ಲು ಮೇಲೇಳುತ್ತದೆ. ಎಷ್ಟು ಎತ್ತರಕ್ಕೆ ಎದ್ದಿತೆಂಬುದನ್ನು ಮೊನೆಯೊಂದು, ತಿರುಗುವ ಉರುಳೆಗೆ ಸುತ್ತಿದ ಮಸಿಗಟ್ಟಿದ ಕಾಗದದ ಮೇಲೆ ಗೀರುತ್ತದೆ. ಮೊದಲಿನ ಗೀರುಗಳು ಎತ್ತರವಾಗಿಯೂ ಬರಬರುತ್ತ ಗಿಡ್ಡವಾಗಿಯೂ ಆಗಿ, ಕಡೆಗೆ ಬೆರಳು ಎಷ್ಟು ಯತ್ನಿಸಿದರೂ ಕಲ್ಲು ಏಳದೆ ನಿಲ್ಲುತ್ತದೆ. ಹೀಗೆ ದಣಿವು ಕಾಗದದ ಮೇಲೆ ಕಣ್ಣಿಗೆ ಕಾಣುವ ರೇಖೆಯಾಯಿತು. ಒಬ್ಬೊಬ್ಬರ ರೇಖೆ ಒಂದೊಂದು ಬಗೆ. ಕೆಲವರದು ಮೆಲ್ಲನೆ ಇಳಿಜಾರಾಗಿ ಇಳಿಯುವುದು, ಕೆಲವರದು ಬಹಳ ಹೊತ್ತು ಎತ್ತರದಲ್ಲಿದ್ದು ಥಟ್ಟನೆ ಕುಸಿಯುವುದು.

ಮೊಸ್ಸೊ ಅವರು ೧೮೯೧ರಲ್ಲಿ ಪ್ರಕಟಿಸಿದ ದಣಿವಿನ ಕುರಿತ ಗ್ರಂಥದಲ್ಲಿ ಅಧ್ಯಾಪಕ ವರ್ಗಕ್ಕೆ ಬಹಳ ಪ್ರಿಯವಾಗತಕ್ಕ ಸಂಗತಿಯೊಂದಿದೆ. ಅವರ ಸಹೋದ್ಯೋಗಿ ಮಜ್ಜೋರಾ ಎಂಬವರು ವಿದ್ಯಾರ್ಥಿಗಳ ಮೌಖಿಕ ಪರೀಕ್ಷೆಯನ್ನು ನಡೆಸುವ ಮೊದಲೂ ನಡೆಸಿದ ಅನಂತರವೂ ಬೆರಳನ್ನು ಯಂತ್ರಕ್ಕೆ ಕೊಟ್ಟರು. ಪರೀಕ್ಷೆ ಮುಗಿದ ಮೇಲಿನ ರೇಖೆ ಬಹಳ ಬೇಗ ಕುಸಿಯಿತು. ಪ್ರಶ್ನೆ ಕೇಳಿದ್ದು ಬಾಯಿ, ಯೋಚಿಸಿದ್ದು ಮಿದುಳು, ಸೋತದ್ದು ಬೆರಳು! ಪರೀಕ್ಷೆಗೆ ಕುಳಿತವರು ಮಾತ್ರ ದಣಿಯುವರೆಂದು ತಿಳಿದ ನಮ್ಮ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಪರಿಹಾಸವಿರಲಿ, ದಣಿವೆಂಬುದು ಸ್ನಾಯುವೊಂದರದೇ ಸೊತ್ತಲ್ಲ, ಮನಸ್ಸಿನ ಹೊರೆಯೂ ತೋಳಿನ ಲೆಕ್ಕಕ್ಕೆ ಸೇರುತ್ತದೆಂಬುದು ಆಗಲೇ ತಿಳಿದುಬಂದಿತ್ತು. ಗಣಕಯಂತ್ರದ ಮುಂದೆ ನಿಂತು ಕೈಯಾಡಿಸುವವನು ಕೈಯ ಜೊತೆಗೆ ಗಮನವನ್ನೂ ಒಂದೇ ಬಿಂದುವಿನಲ್ಲಿ ನಿಲ್ಲಿಸಿಕೊಂಡಿರುತ್ತಾನಾದ್ದರಿಂದ ಈ ಮಾತು ಅವನಿಗೂ ಸಲ್ಲುತ್ತದೆ.

ಮುಂದಿನ ದೊಡ್ಡ ಹೆಜ್ಜೆ ಜರ್ಮನಿಯಲ್ಲಿ ಬಿದ್ದಿತು. ೧೯೬೦ರಲ್ಲಿ ವಾಲ್ಟರ್ ರೋಮರ್ಟ್ ಎಂಬವರು, ಭಾರವನ್ನು ಅಲುಗಿಸದೆ ಹಿಡಿದಿರಲು ಮನುಷ್ಯನಿಗೆ ಎಷ್ಟು ಹೊತ್ತು ಸಾಧ್ಯವೆಂಬುದನ್ನು ಒಂದು ವಕ್ರರೇಖೆಯಾಗಿ ಬರೆದು ತೋರಿಸಿದರು. ಅದರ ಸ್ವಾರಸ್ಯವೇನೆಂದರೆ, ಭಾರ ಎಷ್ಟು ಕಿಲೋಗ್ರಾಮೆಂಬುದು ಅಲ್ಲಿ ಮುಖ್ಯವಲ್ಲ. ಅದು ಆ ವ್ಯಕ್ತಿಯ ಪೂರ್ಣಶಕ್ತಿಯ ನೂರರಲ್ಲಿ ಎಷ್ಟು ಪಾಲು ಎಂಬುದೇ ಮುಖ್ಯ. ಆ ರೇಖೆಯ ಸೂತ್ರದಂತೆ ಲೆಕ್ಕ ಹಾಕಿದರೆ, ಪೂರ್ಣಶಕ್ತಿಯನ್ನೇ ಹಾಕಿ ಹಿಡಿದವನು ಸುಮಾರು ೭ ಸೆಕೆಂಡಿನಲ್ಲಿ ಕೈಬಿಡುತ್ತಾನೆ. ಅರ್ಧಶಕ್ತಿಯಾದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. ನೂರಕ್ಕೆ ೩೦ರಷ್ಟಾದರೆ ಎರಡೂವರೆ ನಿಮಿಷಕ್ಕೆ ಮೇಲೆ. ೨೦ರಷ್ಟಾದರೆ ಆರು ನಿಮಿಷಕ್ಕೆ ಮೇಲೆ. ಶಕ್ತಿಯ ಪಾಲು ೧೫ಕ್ಕೆ ಇಳಿದರೆ ಸೂತ್ರವು ಅನಂತಕಾಲವೆಂದು ಹೇಳಿಬಿಡುತ್ತದೆ! ಈ ಅನಂತದ ವಿಚಾರವಾಗಿ ನಮಗೆ ಸಂಶಯವುಂಟು. ಅದಕ್ಕೆ ಮತ್ತೆ ಬರುತ್ತೇವೆ.

ಈ ಲೆಕ್ಕವನ್ನು ನಮ್ಮ ಚಾಚಿದ ಕೈಗೆ ಅನ್ವಯಿಸಿ ನೋಡೋಣ. ಒಬ್ಬರ ತೂಕ ೬೦ ಕಿಲೋಗ್ರಾಂ ಇರಲಿ. ಒಂದು ತೋಳಿನ ತೂಕ ದೇಹದ ತೂಕದ ಇಪ್ಪತ್ತನೆಯ ಒಂದು ಪಾಲಿನಷ್ಟು, ಎಂದರೆ ಸುಮಾರು ೩ ಕಿಲೋಗ್ರಾಂ. ಕೈಯನ್ನು ನೆಟ್ಟಗೆ ಮುಂದಕ್ಕೆ ಚಾಚಿದಾಗ ಆ ತೂಕವೆಲ್ಲ ಭುಜದಿಂದ ಸುಮಾರು ೩೦ ಸೆಂಟಿಮೀಟರ್ ದೂರದ ಒಂದು ಬಿಂದುವಿನಲ್ಲಿ ಕೂಡಿದಂತೆ ಭಾವಿಸಬಹುದು. ಬಲವನ್ನೂ ದೂರವನ್ನೂ ಗುಣಿಸಿದರೆ ಭುಜವು ತಡೆಯಬೇಕಾದ ತಿರುಗುಬಲ ದೊರೆಯುತ್ತದೆ: ೩ ಗುಣಿಸು ೯.೮ ಗುಣಿಸು ೦.೩, ಅಂದರೆ ಸುಮಾರು ೮.೮ ನ್ಯೂಟನ್-ಮೀಟರ್. ಆ ವ್ಯಕ್ತಿಯ ಭುಜವು ಹೆಚ್ಚೆಂದರೆ ೪೦ ನ್ಯೂಟನ್-ಮೀಟರ್ ತಡೆಯಬಲ್ಲುದೆಂದು ಇಟ್ಟುಕೊಂಡರೆ, ಬರಿಗೈಯನ್ನು ಚಾಚಿ ಹಿಡಿಯುವುದಕ್ಕೇ ಶಕ್ತಿಯ ನೂರರಲ್ಲಿ ೨೨ ಪಾಲು ಹೋಯಿತು. ಸೂತ್ರದಂತೆ ಅವರು ಐದು ನಿಮಿಷ ತಡೆದಾರು. ಅಷ್ಟೇ ತೂಕದ ಇನ್ನೊಬ್ಬರ ಭುಜದ ಶಕ್ತಿ ೩೦ ಮಾತ್ರವಾಗಿದ್ದರೆ? ಆಗ ಪಾಲು ೨೯ಕ್ಕೆ ಏರಿ, ತಡೆಯುವ ಕಾಲ ಮೂರು ನಿಮಿಷಕ್ಕೂ ಕಡಿಮೆಯಾಗುತ್ತದೆ. ಶಕ್ತಿ ಕಾಲುಭಾಗ ಕುಗ್ಗಿದರೆ ಕಾಲ ಸರಿಸುಮಾರು ಅರ್ಧವಾಯಿತು. ‘ನನಗೇನೂ ಆಗುವುದಿಲ್ಲ, ನಿಮಗೇಕೆ ನೋವು?’ ಎಂದು ಬಲಶಾಲಿಗಳು ಕೇಳುವ ಪ್ರಶ್ನೆಗೆ ಉತ್ತರ ಈ ಲೆಕ್ಕದಲ್ಲಿದೆ.

ಈಗ ಅದೇ ವ್ಯಕ್ತಿ ಮೇಲ್ದೋಳನ್ನು ಪಕ್ಕಕ್ಕೆ ಇಳಿಬಿಟ್ಟು, ಮೊಣಕೈಯನ್ನು ಮಡಿಸಿ, ಮುಂಗೈಯನ್ನು ಮಾತ್ರ ಮುಂದಕ್ಕೆ ಚಾಚಲಿ. ಮೇಲ್ದೋಳಿನ ತೂಕ ಭುಜದ ಕೆಳಗೆ ನೇರವಾಗಿ ತೂಗುವುದರಿಂದ ಅದು ಭುಜವನ್ನು ತಿರುಗಿಸುವುದಿಲ್ಲ. ಉಳಿದದ್ದು ಮುಂಗೈ ಮತ್ತು ಹಸ್ತದ ತೂಕ, ಅದೂ ಹತ್ತಿರದಲ್ಲಿದೆ. ಭುಜದ ಮೇಲಿನ ಹೊರೆ ಹೆಚ್ಚು ಕಡಮೆ ಕಾಲು ಪಾಲಿಗೆ ಇಳಿಯುತ್ತದೆ. ಯಂತ್ರವನ್ನು ರಚಿಸುವವನು ಗುಂಡಿಯೊಂದನ್ನು ಎದೆಯ ಮಟ್ಟದಿಂದ ಮೇಲಕ್ಕಿಟ್ಟನೋ ಕೆಳಕ್ಕಿಟ್ಟನೋ ಎಂಬ ಸಣ್ಣ ತೀರ್ಮಾನದಿಂದ ಇಷ್ಟು ಅಂತರವಾಗುತ್ತದೆ.

ಈ ಹಳೆಯ ವಿದ್ಯೆಯನ್ನು ಹೊಸ ಯಂತ್ರಕ್ಕೆ ಜೋಡಿಸಿದವರು ಕೆನಡಾ ದೇಶದ ಮನಿಟೋಬಾ ವಿಶ್ವವಿದ್ಯಾಲಯದ ಹುವಾನ್ ಡೇವಿಡ್ ಹಿಂಕಾಪಿಯೆ-ರಾಮೋಸ್, ಪೌರಂಗ್ ಇರಾನಿ ಮತ್ತು ಅವರ ಸಂಗಡಿಗರು. ೨೦೧೪ರಲ್ಲಿ ಅವರು ಪ್ರಕಟಿಸಿದ ಅಳತೆಯನ್ನು ನಾವು ‘ವೆಚ್ಚವಾದ ತಾಳಿಕೆ’ ಎಂದು ಕನ್ನಡಿಸಬಹುದು. ಅದರ ಕ್ರಮ ಸರಳವಾದುದು. ಕೈಬೀಸನ್ನು ನೋಡುವ ಕಿನೆಕ್ಟ್ ಕ್ಯಾಮರಾ ಹೇಗೂ ಭುಜ, ಮೊಣಕೈ, ಮಣಿಕಟ್ಟುಗಳ ಸ್ಥಾನವನ್ನು ಬಲ್ಲುದಷ್ಟೆ. ಅದರಿಂದ ತೋಳಿನ ಗುರುತ್ವಕೇಂದ್ರವನ್ನೂ, ಅದರಿಂದ ಭುಜದ ತಿರುಗುಬಲವನ್ನೂ ಕ್ಷಣಕ್ಷಣಕ್ಕೆ ಗುಣಿಸಬಹುದು. ಆ ಬಲಕ್ಕೆ ರೋಮರ್ಟ್ ರೇಖೆಯಂತೆ ಎಷ್ಟು ಕಾಲ ತಡೆಯಬಹುದೆಂದು ತಿಳಿದ ಮೇಲೆ, ಆಗಲೇ ಕಳೆದ ಕಾಲವು ಅದರ ನೂರರಲ್ಲಿ ಎಷ್ಟು ಪಾಲೆಂದು ಹೇಳಿದರಾಯಿತು. ಐದು ನಿಮಿಷ ತಡೆಯಬಲ್ಲ ಭಂಗಿಯಲ್ಲಿ ಒಂದು ನಿಮಿಷ ಕಳೆದರೆ ನೂರಕ್ಕೆ ೨೦ ವೆಚ್ಚವಾಯಿತೆಂದು ಅರ್ಥ. ಗಂಗಾಳದಲ್ಲಿ ಇನ್ನು ೮೦ ಉಳಿದಿದೆ. ಮೈಗೆ ತಂತಿ ಅಂಟಿಸಬೇಕಾಗಿಲ್ಲ, ಚುಚ್ಚಬೇಕಾಗಿಲ್ಲ. ದಣಿವನ್ನು ಉಂಟುಮಾಡುವ ಯಂತ್ರದಿಂದಲೇ ದಣಿವಿನ ಲೆಕ್ಕವನ್ನೂ ಬರೆಸಿದ ಈ ಜಾಣ್ಮೆ ನಮಗೆ ಬಹಳ ಮೆಚ್ಚಿಗೆಯಾಯಿತು. ಮೊಣಕೈ ಮಡಿಸಿ, ಹಸ್ತವನ್ನು ಸೊಂಟಕ್ಕೂ ಭುಜಕ್ಕೂ ನಡುವೆ ಆಡಿಸುವುದೇ ಅತ್ಯಂತ ಸುಖಕರವೆಂದು ಅವರ ಪ್ರಯೋಗದಿಂದ ತಿಳಿದುಬಂದಿತು. ಸಂಜ್ಞಾಭಾಷೆಯಲ್ಲಿ ಮಾತನಾಡುವ ಕಿವುಡರ ಕೈಗಳನ್ನು ಗಮನಿಸಿದವರಿಗೆ ಇದು ಹೊಸದಲ್ಲ. ಅವರ ಸಂಜ್ಞೆಗಳಲ್ಲಿ ಹೆಚ್ಚಿನವು ಎದೆಯ ಮುಂದೆ, ಮೈಗೆ ಹತ್ತಿರದಲ್ಲಿಯೇ ಆಡುತ್ತವೆ.

ತಂತಿ ಅಂಟಿಸುವ ವಿಧಾನವೂ ಇಲ್ಲದಿಲ್ಲ. ಸ್ನಾಯು ಬಿಗಿಯುವಾಗ ಅದರಲ್ಲಿ ಅತಿಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತದೆ. ಚರ್ಮದ ಮೇಲೆ ಬಿಲ್ಲೆಗಳನ್ನು ಅಂಟಿಸಿ ಅದನ್ನು ಬರೆದುಕೊಂಡರೆ, ದಣಿವು ಹೆಚ್ಚಿದಂತೆ ಅಲೆಗಳು ದೊಡ್ಡವಾಗುವುದೂ ಅವುಗಳ ಕಂಪನ ನಿಧಾನವಾಗುವುದೂ ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ಇದು ಒಳ್ಳೆಯ ಸಾಕ್ಷಿ. ಕಚೇರಿಯಲ್ಲಿಯೂ ತರಗತಿಯಲ್ಲಿಯೂ ಭುಜಕ್ಕೆ ಬಿಲ್ಲೆ ಅಂಟಿಸಿಕೊಂಡು ಯಾರು ತಿರುಗಿಯಾರು?

ಇನ್ನೊಂದು ವಿಧಾನ ಎಲ್ಲಕ್ಕಿಂತ ಸುಲಭವಾದುದು: ದಣಿದವರನ್ನೇ ಕೇಳುವುದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಅವರು ಈ ಕೇಳುವಿಕೆಗೂ ಒಂದು ಶಿಸ್ತನ್ನು ತಂದರು. ಅವರ ಒಂದು ಮಾನದಂಡ ೬ರಿಂದ ೨೦ರ ವರೆಗೆ ಹೋಗುತ್ತದೆ. ವಿಚಿತ್ರವೆಂದು ತೋರುವ ಈ ಅಂಕಿಗಳಿಗೆ ಕಾರಣವಿದೆ. ಹೇಳಿದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಆಗಿನ ನಾಡಿಬಡಿತ ಸ್ಥೂಲವಾಗಿ ಸಿಕ್ಕಬೇಕೆಂಬುದು ಅವರ ಎಣಿಕೆ. ಸುಮ್ಮನೆ ಕುಳಿತವನದು ೬೦, ಪ್ರಾಣ ಬಿಟ್ಟು ಓಡಿದ ತರುಣನದು ೨೦೦. ಒಂದೇ ತೋಳಿನ ಅಥವಾ ಕಾಲಿನ ನೋವಿಗೆ ನಾಡಿ ಅಷ್ಟಾಗಿ ಏರದಿರುವುದರಿಂದ, ಅಂತಹವಕ್ಕೆ ಅವರ ಇನ್ನೊಂದು ಮಾನದಂಡ, ಸೊನ್ನೆಯಿಂದ ೧೦ರ ವರೆಗಿನದು, ಹೆಚ್ಚು ಒಪ್ಪುತ್ತದೆ. ಹಲವು ಮೆಟ್ಟಿಲುಗಳ ಎದುರಿಗೆ ‘ಏನೂ ಇಲ್ಲ’, ‘ಅತ್ಯಲ್ಪ’, ‘ಪ್ರಬಲ’ ಎಂಬಂತಹ ಮಾತುಗಳಿರುವುವು. ಕೈಬೀಸಿನ ಯಂತ್ರಗಳನ್ನು ಪರೀಕ್ಷಿಸುವವರು ಇದನ್ನೇ ಹೆಚ್ಚಾಗಿ ಬಳಸುತ್ತಾರೆ. ಲೆಕ್ಕದಿಂದ ಬಂದ ಸಂಖ್ಯೆ ನಿಜವೋ ಅಲ್ಲವೋ ಎಂದು ಒರೆಹಚ್ಚುವುದೂ ಈ ಹೇಳಿಕೆಯ ಮೇಲೆಯೇ.

ಇಲ್ಲಿ ಕನ್ನಡಿಗರಾದ ನಮಗೆ ಒಂದು ಮಾತು ಹೊಳೆಯುತ್ತದೆ. ಮಾನದಂಡವು ಅಂಕಿಯದಾದರೂ ಅದರ ಮೆಟ್ಟಿಲುಗಳು ಮಾತಿನವು. ಕನ್ನಡದಲ್ಲಿ ‘ದಣಿವು’ ಬೇರೆ, ‘ಬಳಲಿಕೆ’ ಬೇರೆ. ದಣಿವು ಹೊತ್ತಿನ ಊಟದಿಂದಲೂ ನೆರಳಿನಿಂದಲೂ ಹೋಗುತ್ತದೆ, ಬಳಲಿಕೆ ನಿದ್ದೆಯನ್ನು ಕೇಳುತ್ತದೆ. ತೋಳು ‘ಸೆಳೆಯುತ್ತದೆ’ ಎಂದರೆ ಒಂದು ಅನುಭವ, ‘ಜೋಮು ಹಿಡಿಯಿತು’ ಎಂದರೆ ಮತ್ತೊಂದು, ‘ಕೈ ಸೋತುಹೋಯಿತು’ ಎಂದರೆ ಕಥೆ ಮುಗಿಯಿತೆಂದೇ ಅರ್ಥ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿ ಹಿಂದಿಗಳನ್ನೂ ಆಡುವ ನಮ್ಮ ಮುಂಬಯಿಯ ಮಗುವಿನ ಮುಂದೆ ಇಂಗ್ಲಿಷ್ ಪಟ್ಟಿಯನ್ನಿಟ್ಟು ಕೇಳಿದರೆ, ಅದು ತನ್ನ ತೋಳನ್ನು ನೋಡಿ ಉತ್ತರ ಹೇಳುವುದರ ಬದಲು ಪರಿಚಿತವಾದ ಪದವನ್ನು ಹುಡುಕಿ ಉತ್ತರ ಹೇಳೀತು. ಅಳತೆಗೋಲನ್ನು ಅಳೆಸಿಕೊಳ್ಳುವವರ ಭಾಷೆಯಲ್ಲಿ ಕೆತ್ತಬೇಕೆಂಬುದು ನಮ್ಮ ಅಭಿಪ್ರಾಯ.

ರೋಮರ್ಟ್ ಸೂತ್ರದ ಅನಂತಕ್ಕೆ ಈಗ ಮರಳೋಣ. ಶಕ್ತಿಯ ನೂರಕ್ಕೆ ೧೫ಕ್ಕಿಂತ ಕಡಮೆ ಹೊರೆಯನ್ನು ಎಷ್ಟು ಹೊತ್ತಾದರೂ ಹೊರಬಹುದೆಂದು ಅದು ಹೇಳುತ್ತದೆ. ಆದರೆ ಮುಂದಿನವರು, ನೂರಕ್ಕೆ ೫ರಷ್ಟು ಬಿಗಿತವನ್ನೇ ಒಂದು ಗಂಟೆ ಹಿಡಿದರೂ ಸ್ನಾಯುವಿನ ಬಲ ತಗ್ಗುವುದೆಂದು ಪ್ರಯೋಗದಿಂದ ಕಂಡರು. ಹಗುರವಾದ ಭಂಗಿಯಲ್ಲಿ ದಿನವೆಲ್ಲ ಕುಳಿತ ಟೈಪಿಸ್ಟರ ಹೆಗಲನ್ನು ಕೇಳಿದ್ದರೆ ಅದೇ ಉತ್ತರ ಬರುತ್ತಿತ್ತು. ಸೂತ್ರವನ್ನು ನಂಬಿದ ಯಂತ್ರವಾದರೋ ಅಂತಹವರ ವೆಚ್ಚವನ್ನು ಸೊನ್ನೆಯೆಂದೇ ಬರೆಯುತ್ತದೆ.

ತಪ್ಪು ಇನ್ನೊಂದು ಕಡೆಯಲ್ಲಿಯೂ ಇದೆ. ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ, ತಲೆಯ ಮೇಲಕ್ಕೆ ಎತ್ತಿದರೆ ತೋಳಿನ ಗುರುತ್ವಕೇಂದ್ರ ಮತ್ತೆ ಭುಜದ ನೇರಕ್ಕೆ ಹತ್ತಿರವಾಗುತ್ತದೆ, ತಿರುಗುಬಲ ಕಡಮೆಯಾಗುತ್ತದೆ, ಆದುದರಿಂದ ದಣಿವೂ ಕಡಮೆಯಾಗಬೇಕೆಂದು ಲೆಕ್ಕ ಹೇಳುತ್ತದೆ. ಛಾವಣಿಗೆ ಸುಣ್ಣ ಬಳಿಯುವವನ ಮುಂದೆ ಈ ಲೆಕ್ಕವನ್ನು ಓದಿ ನೋಡಿ! ತಲೆಯ ಮೇಲೆ ಕೈಯೆತ್ತಿದಾಗ ಭುಜದ ಸಂದಿನೊಳಗೆ ಸ್ನಾಯುರಜ್ಜುಗಳು ಇಕ್ಕಟ್ಟಿಗೆ ಸಿಕ್ಕುತ್ತವೆ, ರಕ್ತವು ಏರುವ ಎತ್ತರ ಹೆಚ್ಚುತ್ತದೆ. ಇವು ಯಾವುವೂ ತಿರುಗುಬಲದ ಸೂತ್ರದಲ್ಲಿಲ್ಲ. ಲೋಕಲ್ ಗಾಡಿಯಲ್ಲಿ ಡೊಂಬಿವಲಿಯಿಂದ ಹಿಡಿಕೆಗೆ ಜೋತುಕೊಂಡು ಬರುವವರೂ ಕೈಯನ್ನು ಮೇಲೆತ್ತಿಯೇ ಇರುತ್ತಾರಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಹಿಡಿಕೆಯು ಕೈಯ ಭಾರವನ್ನು ಹೊರುತ್ತದೆ. ಗಾಳಿಯಲ್ಲಿ ಎತ್ತಿದ ಕೈಗೆ ಹಿಡಿಕೆಯಿಲ್ಲ.

ವಿಶ್ರಾಂತಿಯ ಲೆಕ್ಕವನ್ನೂ ೨೦೧೪ರ ಅಳತೆಯು ಸರಿಯಾಗಿ ಹಿಡಿಯಲಿಲ್ಲ. ಎರಡು ಸೆಕೆಂಡು ಕೈ ಇಳಿಸಿ ಮತ್ತೆ ಎತ್ತಿದವನಿಗೂ ಒಂದೇ ಸಮನೆ ಹಿಡಿದವನಿಗೂ ಬಹಳ ವ್ಯತ್ಯಾಸವುಂಟು. ೨೦೧೭ರಲ್ಲಿ ಅಮೆರಿಕೆಯ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ ಇದಕ್ಕೆ ಇನ್ನೊಂದು ಮಾದರಿಯನ್ನು ಹೊಂದಿಸಿದರು. ಸ್ನಾಯುವಿನ ಎಳೆಗಳನ್ನೆಲ್ಲ ಮೂರು ಕೋಣೆಗಳಲ್ಲಿರುವ ಜನರಂತೆ ಕಲ್ಪಿಸಿಕೊಳ್ಳಬೇಕು: ಒಂದರಲ್ಲಿ ವಿಶ್ರಮಿಸುವವರು, ಒಂದರಲ್ಲಿ ದುಡಿಯುವವರು, ಒಂದರಲ್ಲಿ ದಣಿದವರು. ಕರೆ ಬಂದಾಗ ಮೊದಲನೆಯ ಕೋಣೆಯವರು ಎರಡನೆಯದಕ್ಕೆ ಹೋಗುತ್ತಾರೆ. ದುಡಿದವರು ಕ್ರಮೇಣ ಮೂರನೆಯದಕ್ಕೆ ಸೇರುತ್ತಾರೆ. ಅಲ್ಲಿ ಸುಧಾರಿಸಿಕೊಂಡವರು ಮೆಲ್ಲನೆ ಮೊದಲನೆಯದಕ್ಕೆ ಹಿಂದಿರುಗುತ್ತಾರೆ. ದಣಿಯುವ ವೇಗಕ್ಕಿಂತ ಸುಧಾರಿಸಿಕೊಳ್ಳುವ ವೇಗ ಬಹಳ ಕಡಮೆ. ಆದುದರಿಂದಲೇ ಒಂದು ಪೀರಿಯಡ್ಡಿನ ನೋವು ಮುಂದಿನ ಪೀರಿಯಡ್ಡಿಗೂ ನಮ್ಮೊಡನೆ ನಡೆದುಬರುತ್ತದೆ.

ಯಂತ್ರಗಳನ್ನು ಮಾಡುವವರು ಈ ವಿಚಾರಗಳಿಗೆ ಕಿವಿಗೊಡದೆ ಇಲ್ಲ. ೨೦೨೪ರಲ್ಲಿ ಆಪಲ್ ಸಂಸ್ಥೆಯು ಮಾರಾಟಕ್ಕೆ ತಂದ ‘ವಿಷನ್ ಪ್ರೊ’ ಎಂಬ ತಲೆಗವಸಿನಲ್ಲಿ ಕೈಯನ್ನು ಎತ್ತಲೇಬೇಕಾಗಿಲ್ಲ. ಕಣ್ಣು ನೋಡಿದ್ದೇ ಗುರಿ. ತೊಡೆಯ ಮೇಲಿಟ್ಟ ಕೈಯ ಎರಡು ಬೆರಳುಗಳನ್ನು ಕೂಡಿಸಿದರೆ ಅದೇ ಒಪ್ಪಿಗೆ. ಆ ತಲೆಗವಸು ತಾನೇ ೬೦೦ ಗ್ರಾಮಿಗೂ ಮೇಲ್ಪಟ್ಟು ತೂಗುತ್ತಿತ್ತು. ಭುಜದ ದಣಿವು ಕುತ್ತಿಗೆಗೆ ವರ್ಗವಾಯಿತೆನ್ನಬೇಕೇನೋ.

ಇಷ್ಟನ್ನೆಲ್ಲ ನಾವು ಓದಿ ತಿಳಿಯಬೇಕಾದ ಪ್ರಸಂಗ ನಮ್ಮಲ್ಲಿಯೇ ಒದಗಿತ್ತು. ಕರಿಹಲಗೆಯ ಪಕ್ಕದಲ್ಲಿ ಬೆರಳಿನಿಂದ ಮುಟ್ಟಿ ನಡೆಸುವ ದೊಡ್ಡ ಗಾಜಿನ ಹಲಗೆಯೊಂದನ್ನು ಗೋಡೆಗೆ ನಿಲ್ಲಿಸಲಾಯಿತು. ಗಾಳಿಯಲ್ಲಿ ಕೈ ಬೀಸುವುದಕ್ಕೂ ಇದಕ್ಕೂ ಭುಜದ ಮಟ್ಟಿಗೆ ಹೆಚ್ಚಿನ ಭೇದವಿಲ್ಲ. ಎರಡು ವಾರದೊಳಗೆ ಹಿರಿಯ ಅಧ್ಯಾಪಿಕೆಯೊಬ್ಬರು, ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಎಂದೂ ದೂರದವರು, ರಾತ್ರಿ ಮಗ್ಗುಲಾಗಲು ಬಾರದಷ್ಟು ಹೆಗಲು ನೋಯುತ್ತದೆಂದರು. ಹಲಗೆಯನ್ನು ನಿಲ್ಲಿಸಿಹೋದವರು ನಾಲ್ಕು ದಿನದಲ್ಲಿ ಅಭ್ಯಾಸವಾಗುತ್ತದೆಂದರು. ವಯಸ್ಸಾಯಿತೆಂದು ನಮ್ಮಲ್ಲಿಯೇ ಕೆಲವರು ಅಂದುಕೊಂಡೆವು. ಇದನ್ನು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಕಡೆಗೆ ಅವರೇ ಒಂದು ನೋಟ್‌ಬುಕ್ ತಂದರು. ಬೋರ್ಗ್ ಅವರ ಹತ್ತರ ಮಾನದಂಡದ ಮೆಟ್ಟಿಲುಗಳಿಗೆ ನಾವು ಕನ್ನಡದ ಮಾತುಗಳನ್ನು ಬರೆದುಕೊಟ್ಟೆವು. ಪ್ರತಿ ಪೀರಿಯಡ್ಡಿನ ಗಂಟೆ ಬಾರಿಸಿದೊಡನೆ ಅವರು ಒಂದು ಅಂಕಿಯನ್ನು ಬರೆದರು, ಯಾವ ಹಲಗೆಯೆಂಬುದನ್ನೂ ಬರೆದರು. ತಿಂಗಳ ಕೊನೆಗೆ ಹಾಳೆಗಳನ್ನು ತಿರುವಿದಾಗ ಎರಡು ಹಲಗೆಗಳ ಅಂಕಿಗಳು ಬೇರೆಬೇರೆಯಾಗಿ ನಿಂತಿದ್ದುವು. ಕಾರಣವನ್ನೂ ಅವರೇ ಕಂಡುಹಿಡಿದಿದ್ದರು. ಸೀಮೆಸುಣ್ಣದಿಂದ ಎರಡು ಸಾಲು ಬರೆದು, ಮಕ್ಕಳ ಕಡೆ ತಿರುಗಿ ವಿವರಿಸುವಾಗ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಗಾಜಿನ ಹಲಗೆಯ ಮೇಲೆ ಚಿತ್ರವನ್ನು ಹಿಡಿದೆಳೆಯುವಾಗ ಬೆರಳನ್ನು ಎತ್ತಿದರೆ ಅದು ಹಿಂದಕ್ಕೆ ಜಾರುತ್ತದೆ. ಎಳೆದು ಮುಗಿಯುವ ವರೆಗೂ ತೋಳು ಚಾಚಿಯೇ ಇರಬೇಕು. ಗುಂಡಿಗಳ ಸಾಲು ಅಂಚಿನ ಮೇಲ್ತುದಿಯಲ್ಲಿ, ಅವರ ಹಣೆಗಿಂತ ಎತ್ತರದಲ್ಲಿತ್ತು.

ನೋಟ್‌ಬುಕ್ಕನ್ನು ಆಡಳಿತ ಮಂಡಳಿಯವರ ಮುಂದಿಟ್ಟೆವು. ಬಾಯಿಮಾತಿಗೆ ಸಿಕ್ಕದ ಉತ್ತರ ಅಂಕಿಗಳಿಗೆ ಒಂದೇ ವಾರದಲ್ಲಿ ಸಿಕ್ಕಿತು. ಹಲಗೆ ಒಂದು ಗೇಣಿಗಿಂತ ಹೆಚ್ಚು ಕೆಳಗಿಳಿದಿದೆ. ಗುಂಡಿಗಳ ಸಾಲನ್ನು ಕೆಳ ಅಂಚಿಗೆ ತರಲು ಯಂತ್ರದಲ್ಲಿಯೇ ಅನುಕೂಲವಿದ್ದುದು ಆಗ ತಿಳಿಯಿತು. ಟೀಚರ್ ಈಗಲೂ ಅಂಕಿಗಳನ್ನು ಬರೆಯುತ್ತಿದ್ದಾರೆ, ಅವು ಇಳಿದಿವೆ. ಮೇಲಿನ ಎಡಮೂಲೆಯಿಂದ ಏನನ್ನಾದರೂ ಎಳೆದು ತರಬೇಕಾದಾಗ ಮಾತ್ರ ಒಂಬತ್ತನೆಯ ತರಗತಿಯ ಎತ್ತರದ ಹುಡುಗಿಯೊಬ್ಬಳನ್ನು ಕರೆಯುತ್ತಾರೆ.